ಹೈಡೆಲ್‌ಬರ್ಗಿನ ಶಸ್ತ್ರವೈದ್ಯ ವಿನ್ಸೆಂಟ್ಸ್ ಚೆರ್ನಿ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಸ್ತನದ ಶಸ್ತ್ರಚಿಕಿತ್ಸೆಯ ಮಾತೇಕೆ ಎಂದು ನಮ್ಮ ಓದುಗರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಬಹುದು. ಆದರೆ ಬಾಯಿಬಿಟ್ಟು ಹೇಳಲಾಗದ ಸಂಗತಿಗಳೇ ಮನೆಗಳಲ್ಲಿ ಹೆಚ್ಚು ನೋವು ಕೊಡುವುದು. ಕ್ಯಾನ್ಸರ್ ಗಡ್ಡೆಯ ಕಾರಣ ಒಂದು ಸ್ತನವನ್ನು ಕಳೆದುಕೊಂಡು, ಸೆರಗಿನಡಿಯಲ್ಲಿ ಬಟ್ಟೆಯ ಉಂಡೆ ಇಟ್ಟುಕೊಂಡು ಮದುವೆ ಮುಂಜಿಗಳಿಗೆ ಹೋಗಿಬರುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಮೈಕಟ್ಟು ತಿದ್ದಿಕೊಡುತ್ತೇವೆಂಬ ಜಾಹೀರಾತುಗಳನ್ನು ಓದಿ ಮನಸ್ಸಿನಲ್ಲೇ ಲೆಕ್ಕ ಹಾಕುವ ತರುಣಿಯರೂ ಇದ್ದಾರೆ. ಇಬ್ಬರ ಮುಂದಿರುವ ಪ್ರಶ್ನೆ ಒಂದೇ. ಕಡಮೆಯಾದುದನ್ನು ತುಂಬಿಸಿಕೊಳ್ಳುವುದಾದರೆ ಯಾವ ವಸ್ತುವಿನಿಂದ ತುಂಬಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ಶಸ್ತ್ರವೈದ್ಯದ ಮೇಜಿನ ಮೇಲೆ ಮೊದಲಾಗಿ ಎದುರಿಸಿ, ತಮ್ಮ ಉತ್ತರವನ್ನು ವಿದ್ವಾಂಸರ ಮುಂದಿಟ್ಟವರೆಂದು ವೈದ್ಯಕೀಯ ಇತಿಹಾಸವು ಹೆಸರಿಸುವುದು ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿನ್ಸೆಂಟ್ಸ್ ಚೆರ್ನಿಯವರನ್ನು. ಅವರು ಕಾಲವಾಗಿ ನೂರು ವರ್ಷ ದಾಟಿತು. ಅವರ ಬಾಳಿನ ಕಥೆಯನ್ನು ಇಂದು ನಮ್ಮ ಓದುಗರಿಗೆ ಹೇಳಬಯಸುತ್ತೇವೆ.

ಚೆರ್ನಿ ಹುಟ್ಟಿದ್ದು 1842ರ ನವೆಂಬರ್ 19ರಂದು, ಬೊಹೀಮಿಯದ ಟ್ರೌಟನೌ ಎಂಬ ಪಟ್ಟಣದಲ್ಲಿ. ತಂದೆ ಔಷಧಿ ಅಂಗಡಿಯವರು. ಬೊಹೀಮಿಯ ಆಗ ಆಸ್ಟ್ರಿಯ ಸಾಮ್ರಾಜ್ಯದ ಒಂದು ಪ್ರಾಂತ. ನಾಡಿನ ಬಹುಜನರು ಆಡುತ್ತಿದ್ದುದು ಚೆಕ್ ಭಾಷೆ. ಗಡಿಯಂಚಿನ ಟ್ರೌಟನೌದಂಥ ಊರುಗಳಲ್ಲಿ ಮಾತ್ರ ಮನೆಯಲ್ಲೂ ಅಂಗಡಿಯಲ್ಲೂ ಶಾಲೆಯಲ್ಲೂ ಜರ್ಮನ್. ಆದರೆ ಚೆರ್ನಿ ಎಂಬ ಹೆಸರು ಅಪ್ಪಟ ಚೆಕ್. ಕರಿಯ ಎಂದು ಅದರ ಅರ್ಥ. ಹೆಸರು ಒಂದು ಭಾಷೆಯದು, ಮನೆಮಾತು ಇನ್ನೊಂದು ಎಂಬ ಸ್ಥಿತಿಯನ್ನು ಗಡಿನಾಡಿನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈಗ ಆ ಊರಿನ ಹೆಸರು ಟ್ರುಟ್‌ನೊವ್. ಅದು ಚೆಕ್ ಗಣರಾಜ್ಯದಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿನ ಜರ್ಮನ್ ಮನೆಮಾತಿನವರು ಊರು ಬಿಡಬೇಕಾಯಿತು. ಆ ದುರ್ದಿನವನ್ನು ನೋಡಲು ಚೆರ್ನಿ ಇರಲಿಲ್ಲ.

ಹುಡುಗ ಪ್ರಾಗ್‌ನಲ್ಲಿ ವೈದ್ಯ ವಿದ್ಯೆಯ ಓದು ಆರಂಭಿಸಿ, ಬಳಿಕ ವಿಯೆನ್ನಾಕ್ಕೆ ಹೋಗಿ, 1866ರಲ್ಲಿ ಅಲ್ಲಿ ಪದವಿ ಪಡೆದ. ಅದೇ ವರ್ಷ ಜೂನ್ ತಿಂಗಳಲ್ಲಿ ಪ್ರಶ್ಯ ಮತ್ತು ಆಸ್ಟ್ರಿಯಗಳ ಸೇನೆಗಳು ಅವನ ಹುಟ್ಟೂರಿನ ಬಳಿಯಲ್ಲೇ ಕಾದಾಡಿದವು. ಆ ಒಂದು ಕಾಳಗದಲ್ಲಿ ಆಸ್ಟ್ರಿಯ ಗೆದ್ದಿತು, ಯುದ್ಧದಲ್ಲಿ ಸೋತಿತು.

ಮುಂದಿನ ವರ್ಷ ಥಿಯೊಡೋರ್ ಬಿಲ್‌ರೋಟ್ ಎಂಬ ಮಹಾ ಶಸ್ತ್ರವೈದ್ಯರು ಜೂರಿಚ್‌ನಿಂದ ವಿಯೆನ್ನಾಕ್ಕೆ ಬಂದರು. ಸಂಗೀತಗಾರ ಬ್ರಾಮ್ಸ್‌ನ ಆಪ್ತಮಿತ್ರರಾಗಿದ್ದ ಈ ಬಿಲ್‌ರೋಟ್, ಮುಂದೆ 1881ರಲ್ಲಿ ಕ್ಯಾನ್ಸರ್ ತಗಲಿದ ಜಠರದ ಭಾಗವನ್ನು ಕತ್ತರಿಸಿ ತೆಗೆದು ರೋಗಿಯನ್ನು ಬದುಕಿಸಿ ಜಗತ್ತನ್ನೇ ಬೆರಗುಗೊಳಿಸಿದವರು. ಅವರ ಗರಡಿಯಲ್ಲಿ ಪಳಗಿದವರು ಯುರೋಪಿನ ಹತ್ತಾರು ವಿಶ್ವವಿದ್ಯಾನಿಲಯಗಳಲ್ಲಿ ಪೀಠವೇರಿದರು. ಅವರಲ್ಲಿ ಚೆರ್ನಿ ಮುಂಚೂಣಿಯವರು. ಗುರುಗಳ ಶಿಸ್ತು ಬಲು ಬಿಗಿ. ಹೊಸ ಶಸ್ತ್ರಚಿಕಿತ್ಸೆಯನ್ನು ಮನುಷ್ಯನ ಮೇಲೆ ಮಾಡುವ ಮೊದಲು ಪ್ರಾಣಿಯ ಮೇಲೆ ಮಾಡಿ ನೋಡಬೇಕು. ಮಾಡಿದ ಮೇಲೆ ಸೋತದ್ದನ್ನೂ ಗೆದ್ದದ್ದನ್ನೂ ಸಮವಾಗಿ ಬರೆದಿಡಬೇಕು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರೂ ಪ್ರಾಣಿ ಬದುಕಬಲ್ಲದೆಂದು ಚೆರ್ನಿ 1870ರಲ್ಲಿ ನಾಯಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಆ ಆಧಾರದ ಮೇಲೆಯೇ ಬಿಲ್‌ರೋಟ್ 1873ರ ಡಿಸೆಂಬರ್ 31ರಂದು ಕ್ಯಾನ್ಸರ್ ರೋಗಿಯೊಬ್ಬನ ಧ್ವನಿಪೆಟ್ಟಿಗೆಯನ್ನು ತೆಗೆದದ್ದು. ಅಷ್ಟರಲ್ಲಿ ಶಿಷ್ಯ ವಿಯೆನ್ನಾದಲ್ಲಿ ಇರಲಿಲ್ಲ. 1871ರಲ್ಲಿ, ಇನ್ನೂ ಮೂವತ್ತು ತುಂಬುವ ಮುನ್ನ, ಅವರನ್ನು ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾನಿಲಯ ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತ್ತು.

ಫ್ರೈಬುರ್ಗಿನಲ್ಲಿ ಅವರಿಗೆ ಪೀಠದ ಜೊತೆಗೆ ಸಂಸಾರವೂ ದೊರೆಯಿತು. ಅಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಡೋಲ್ಫ್ ಕುಸ್‌ಮೌಲ್ ಅವರ ಮಗಳು ಲೂಯಿಸೆಯ ಕೈಹಿಡಿದರು. ಮಧುಮೇಹ ಉಲ್ಬಣಿಸಿದಾಗ ರೋಗಿ ಆಳವಾಗಿ, ಏದುಸಿರೆಳೆದಂತೆ ಉಸಿರಾಡುವುದನ್ನು ವೈದ್ಯರು ಇಂದಿಗೂ ಕುಸ್‌ಮೌಲ್ ಉಸಿರಾಟ ಎನ್ನುತ್ತಾರಲ್ಲ, ಆ ಕುಸ್‌ಮೌಲ್ ಇವರೇ. ಮಾವ ಔಷಧೋಪಚಾರದಲ್ಲಿ, ಅಳಿಯ ಶಸ್ತ್ರದಲ್ಲಿ.

1877ರಲ್ಲಿ ಚೆರ್ನಿಯವರನ್ನು ನೆಕಾರ್ ನದಿಯ ದಡದ ಹೈಡೆಲ್‌ಬರ್ಗ್ ಕರೆಯಿತು. 1386ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾನಿಲಯದಲ್ಲಿ ಗುಸ್ಟಾವ್ ಸಿಮೋನ್ ಕುಳಿತಿದ್ದ ಪೀಠಕ್ಕೆ ಅವರು ಬಂದರು. ಒಂದು ಮೂತ್ರಪಿಂಡ ತೆಗೆದರೂ ಮನುಷ್ಯ ಬದುಕುತ್ತಾನೆಂದು 1869ರಲ್ಲಿ ತೋರಿಸಿದವರು ಸಿಮೋನ್. ಚೆರ್ನಿಯೂ ಹಿಂದೆ ಬೀಳಲಿಲ್ಲ. ಬಂದ ವರ್ಷವೇ ಕ್ಯಾನ್ಸರ್ ತಗಲಿದ ಅನ್ನನಾಳದ ಭಾಗವನ್ನು ಕತ್ತರಿಸಿ ತೆಗೆದರು. ಮರುವರ್ಷ, ಕ್ಯಾನ್ಸರ್ ಆದ ಗರ್ಭಕೋಶವನ್ನು ಹೊಟ್ಟೆ ಸೀಳದೆ ಯೋನಿಮಾರ್ಗದಿಂದಲೇ ತೆಗೆದರು. ಕರುಳಿನ ಹೊಲಿಗೆಯಲ್ಲಿ, ಅಂಡವಾಯುವಿನ ಶಸ್ತ್ರಚಿಕಿತ್ಸೆಯಲ್ಲಿ ಅವರ ಹೆಸರು ಪಠ್ಯಪುಸ್ತಕ ಸೇರಿತು. ಲಿಸ್ಟರ್ 1867ರಲ್ಲಿ ಹೇಳಿಕೊಟ್ಟ ಗಾಯಶುದ್ಧಿಯ ವಿಧಾನ ಯುರೋಪಿನ ಆಸ್ಪತ್ರೆಗಳಲ್ಲಿ ನೆಲೆಯೂರುತ್ತಿದ್ದ ಕಾಲವದು. ಅರಿವಳಿಕೆಯಂತೂ 1846ರಿಂದಲೇ ಇತ್ತು. ನೋವು ಅಡಗಿತ್ತು, ಕೀವು ಅಡಗುತ್ತಿತ್ತು. ಹಿಂದೆ ಯಾರೂ ಕೈಹಾಕದ ಅಂಗಗಳಿಗೆ ಶಸ್ತ್ರವೈದ್ಯರು ಕೈಹಾಕತೊಡಗಿದ್ದರು. 1894ರಲ್ಲಿ ಬಿಲ್‌ರೋಟ್ ತೀರಿಕೊಂಡಾಗ ಅವರ ವಿಯೆನ್ನಾ ಪೀಠಕ್ಕೆ ಚೆರ್ನಿಗೆ ಕರೆ ಬಂತು. ಗುರುವಿನ ಗಾದಿ, ಸಾಮ್ರಾಜ್ಯದ ರಾಜಧಾನಿ. ಆದರೂ ಅವರು ಒಪ್ಪಲಿಲ್ಲ, ಹೈಡೆಲ್‌ಬರ್ಗಿನಲ್ಲೇ ಉಳಿದರು.

ಆ 1894ನೆಯ ವರ್ಷ ನಮ್ಮ ಕರಾವಳಿಗೂ ಸ್ಮರಣೀಯ. ಕಿಟ್ಟೆಲ್‌ರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ಆಗ. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಜರ್ಮನಿಯ ಒಬ್ಬ ಮಿಶನರಿ ನಮ್ಮ ಪದಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ ಮುಗಿಸಿದ್ದರು. ಅದರ ಮರುವರ್ಷ ಜರ್ಮನಿಯ ಈ ಶಸ್ತ್ರವೈದ್ಯರು ಮಾಡಿದ ಕೆಲಸವೇ ನಮ್ಮ ಕಥೆಯ ಮುಖ್ಯ ಭಾಗ.

1895ರಲ್ಲಿ ಚೆರ್ನಿಯವರ ಬಳಿಗೆ 41 ವರ್ಷದ ಗಾಯಕಿಯೊಬ್ಬಳು ಬಂದಳು. ಆಕೆಯ ಸ್ತನದಲ್ಲಿ ಗಡ್ಡೆಯಿತ್ತು, ಜೊತೆಗೆ ಹಳೆಯ ಉರಿಯೂತ. ಕ್ಯಾನ್ಸರಿನ ಗಡ್ಡೆಯಲ್ಲ, ಆದರೂ ತೆಗೆಯಬೇಕಿತ್ತು. ಗ್ರಂಥಿಯನ್ನು ತೆಗೆದರೆ ಎದೆಯ ಒಂದು ಬದಿ ಚಪ್ಪಟೆಯಾಗುವುದು ಖಂಡಿತ. ರಂಗದ ಮೇಲೆ ನಿಂತು ಹಾಡಿ ಬದುಕುವ ಹೆಣ್ಣಿಗೆ ಅದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಆಕೆಯ ಹೆಸರು ಇತಿಹಾಸದಲ್ಲಿ ಉಳಿದಿಲ್ಲ.

ಆ ಕಾಲದ ವೈದ್ಯರ ಮನೋಧರ್ಮವನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಅಮೆರಿಕದ ಬಾಲ್ಟಿಮೋರಿನಲ್ಲಿ ಹಾಲ್‌ಸ್ಟೆಡ್ ಎಂಬ ಹೆಸರಾಂತ ಶಸ್ತ್ರವೈದ್ಯರು ಸ್ತನದ ಕ್ಯಾನ್ಸರಿಗೆ ಹೊಸ ಕ್ರಮವನ್ನು ಪ್ರಚುರಪಡಿಸಿದ್ದರು. ಇಡೀ ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ಬಳಿದು ತೆಗೆಯುವುದು ಆ ಕ್ರಮ. ಮುಂದಿನ ಮುಕ್ಕಾಲು ಶತಮಾನ ಅದೇ ವೇದವಾಯಿತು. ಜೀವ ಉಳಿದರೆ ಸಾಕು, ರೂಪದ ಮಾತೆತ್ತುವುದು ಚಪಲ ಎಂಬ ಭಾವನೆ ಬೇರೂರಿತು. ಈಗಲೂ ಅನೇಕ ಮನೆಗಳಲ್ಲಿ, ಅನೇಕ ಆಸ್ಪತ್ರೆಗಳಲ್ಲಿ ಆ ಭಾವನೆ ಇದೆ. ನಾಚಿಕೆಯಿಂದ ಬಾಯಿಬಿಡದ ಹೆಣ್ಣಿಗೆ, ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂಬ ಮಾತು ಇನ್ನಷ್ಟು ಬಾಯಿ ಮುಚ್ಚಿಸುತ್ತದೆ. ಚೆರ್ನಿ ಸಾಮಾನ್ಯ ವೈದ್ಯರಲ್ಲ. ಕ್ಯಾನ್ಸರಿನೊಡನೆ ದಿನವೂ ಸೆಣಸುತ್ತಿದ್ದ, ಗರ್ಭಕೋಶ ಅನ್ನನಾಳಗಳನ್ನು ಕತ್ತರಿಸಿ ತೆಗೆಯುತ್ತಿದ್ದ ಧೀರರು. ಅಂಥವರು ಒಬ್ಬ ಗಾಯಕಿಯ ಈ ಅಳಲನ್ನು ಕ್ಷುಲ್ಲಕವೆಂದು ತಳ್ಳಿಹಾಕಲಿಲ್ಲ. ನಮಗೆ ಅವರ ಮೇಲೆ ಗೌರವ ಹೆಚ್ಚುವುದು ಇಲ್ಲಿ.

ಆಕೆಯ ಸೊಂಟದ ಬದಿಯಲ್ಲಿ ಮುಷ್ಟಿಗಿಂತ ತುಸು ದೊಡ್ಡದಾದ ಒಂದು ಕೊಬ್ಬಿನ ಗಡ್ಡೆಯಿತ್ತು. ಇಂಥ ಗಡ್ಡೆ ನಮ್ಮಲ್ಲೂ ಎಷ್ಟೋ ಜನರ ತೋಳಲ್ಲಿ ಬೆನ್ನಲ್ಲಿ ಇರುತ್ತದೆ. ನೋಯುವುದಿಲ್ಲ, ಕೆರಳುವುದಿಲ್ಲ, ತೆಳ್ಳನೆಯ ಚೀಲದೊಳಗೆ ಮೆತ್ತಗೆ ಕೂತಿರುತ್ತದೆ. ಚೆರ್ನಿ ಆ ಗಡ್ಡೆಯನ್ನು ಇಡಿಯಾಗಿ ಬಿಡಿಸಿ ತೆಗೆದು, ಗ್ರಂಥಿ ತೆಗೆದು ಬರಿದಾದ ಸ್ತನದೊಳಗೆ ಕೂರಿಸಿ ಹೊಲಿದರು. ಅದು ಅಲ್ಲಿ ನೆಲೆನಿಂತಿತು. ಕೊಬ್ಬಿನ ಗಡ್ಡೆಯಿಂದ ಸ್ತನಗ್ರಂಥಿಗೆ ಬದಲಿ ಕಟ್ಟಿದ ಈ ವೃತ್ತಾಂತವನ್ನು ಅವರು ಅದೇ ವರ್ಷ ಪ್ರಕಟಿಸಿದರು. ಸ್ತನದ ಪುನರ್ರಚನೆಯ ಚರಿತ್ರೆಯೂ, ಸೌಂದರ್ಯಕ್ಕಾಗಿ ಸ್ತನವನ್ನು ತುಂಬುವ ಶಸ್ತ್ರಚಿಕಿತ್ಸೆಯ ಚರಿತ್ರೆಯೂ ಇಲ್ಲಿಂದಲೇ ಆರಂಭವೆಂದು ಹೇಳುವುದು ರೂಢಿ.

ಒಂದೆಡೆಯ ಮಾಂಸವನ್ನು ಇನ್ನೊಂದೆಡೆಗೆ ತರುವ ವಿದ್ಯೆ ಯುರೋಪಿಗೆ ಹೋದದ್ದು ಹೆಚ್ಚಾಗಿ ನಮ್ಮ ಕಡೆಯಿಂದ ಎಂಬುದನ್ನು ಇಲ್ಲಿ ಹೇಳಲೇಬೇಕು. ಸುಶ್ರುತ ಸಂಹಿತೆಯಲ್ಲಿ ಕತ್ತರಿಸಿದ ಮೂಗನ್ನು ಮತ್ತೆ ಕಟ್ಟುವ ವಿಧಾನವಿದೆ. ಆದರೆ ಯುರೋಪಿನ ಕಣ್ತೆರೆಸಿದ್ದು ಗ್ರಂಥವಲ್ಲ, ಒಬ್ಬ ಎತ್ತಿನ ಗಾಡಿಯವ. ಟೀಪು ಸುಲ್ತಾನನೊಡನೆ ನಡೆದ 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಸಾಮಾನು ಸಾಗಿಸುತ್ತಿದ್ದ ಕಾವಸ್‌ಜಿ ಎಂಬವನು ಮೈಸೂರಿನವರ ಕೈಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಬಳಿಕ ಪುಣೆಯ ಹತ್ತಿರ ನಾಡವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. ನೋಡಿದ ಇಂಗ್ಲಿಷರು ಬರೆದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಅದನ್ನೋದಿ ಕಾರ್ಪ್ಯೂ ಎಂಬ ವೈದ್ಯರು ಲಂಡನ್ನಿನಲ್ಲಿ ಮಾಡಿ ನೋಡಿ 1816ರಲ್ಲಿ ಪುಸ್ತಕ ಬರೆದರು. ಅಲ್ಲಿಂದ ವಿದ್ಯೆ ಬರ್ಲಿನ್ನಿಗೂ ತಲಪಿತು. ವರದಿಯಲ್ಲಿ ಗಾಡಿಯವನ ಹೆಸರಿದೆ, ಮೂಗು ಕಟ್ಟಿದ ವೈದ್ಯನದಿಲ್ಲ. ಚೆರ್ನಿಯ ಗಾಯಕಿಯ ಸಂಗತಿಯಲ್ಲಿ ಇದು ತಿರುವುಮುರುವು.

ಚೆರ್ನಿಯವರ ಉಪಾಯ ಎಷ್ಟೇ ಚೆನ್ನಾದರೂ ಅದರಲ್ಲೊಂದು ತೊಡಕಿತ್ತು. ಎಲ್ಲ ಹೆಂಗಸರ ಸೊಂಟದಲ್ಲಿ ಅಳತೆಗೆ ಸರಿಯಾದ ಕೊಬ್ಬಿನ ಗಡ್ಡೆ ಕಾದು ಕೂತಿರುವುದಿಲ್ಲವಲ್ಲ! ಬೇರೆ ಕೊಬ್ಬನ್ನು ಕತ್ತರಿಸಿ ಇಡೋಣವೆಂದರೆ, ಹಣೆಯ ಚರ್ಮದಂತೆ ಅದಕ್ಕೆ ಬುಡದಿಂದ ರಕ್ತ ಹರಿದುಬರುವುದಿಲ್ಲ. ಸುತ್ತಲಿನ ಮಾಂಸದಿಂದ ಸಣ್ಣ ರಕ್ತನಾಳಗಳು ಬೆಳೆದು ಒಳಗೆ ಹೋಗುವ ತನಕ ಅದು ಉಪವಾಸ. ಸಣ್ಣ ತುಂಡಾದರೆ ಬದುಕುತ್ತದೆ. ದೊಡ್ಡದಾದರೆ ನಡುಭಾಗ ಸತ್ತು ಕರಗುತ್ತದೆ, ಇಲ್ಲವೇ ಗಂಟುಕಟ್ಟುತ್ತದೆ. ಹಾಗಾಗಿ ಚೆರ್ನಿಯ ದಾರಿಯಲ್ಲಿ ನಡೆಯಹೋದವರು ಬಹುದೂರ ಹೋಗಲಿಲ್ಲ. ಸುಲಭದ ದಾರಿಯೊಂದು ಬೇಗನೆ ಬೇರೆಡೆ ತೆರೆಯಿತು.

ಅದನ್ನು ತೆರೆದವರೂ ಬೊಹೀಮಿಯದವರೇ, ಬಿಲ್‌ರೋಟ್ ಶಿಷ್ಯರೇ. ರಾಬರ್ಟ್ ಗೆರ್‌ಸೂನಿ, 1844ರಲ್ಲಿ ಹುಟ್ಟಿದವರು, ಬಿಲ್‌ರೋಟ್ ಕಟ್ಟಿದ ವಿಯೆನ್ನಾದ ರುಡೋಲ್ಫಿನರ್ ಆಸ್ಪತ್ರೆಗೆ ಗುರುವಿನ ಬಳಿಕ ಮುಖ್ಯಸ್ಥರಾದವರು. 1899ರಲ್ಲಿ ಅವರು ವ್ಯಾಸಲೀನನ್ನು ಕರಗಿಸಿ ಸೂಜಿಯಿಂದ ಚರ್ಮದಡಿಗೆ ಚುಚ್ಚಿದರು. ರೋಗದಿಂದ ವೃಷಣ ಕಳೆದುಕೊಂಡ ಒಬ್ಬ ಹುಡುಗನ ಸಂಕೋಚ ನೀಗಿಸುವುದು ಅವರ ಉದ್ದೇಶವಾಗಿತ್ತು, ಅದರಲ್ಲೇನೂ ದುರಾಸೆಯಿರಲಿಲ್ಲ. ಕತ್ತರಿಸುವುದಿಲ್ಲ, ಹೊಲಿಯುವುದಿಲ್ಲ, ಒಂದು ಸೂಜಿ ಸಾಕು. ಈ ಸುಲಭವೇ ಮುಳುವಾಯಿತು. ಪ್ಯಾರಾಫಿನ್ ಮೇಣ ತುಂಬುವ ಪದ್ಧತಿ ಮೂಗಿಗೆ, ಕೆನ್ನೆಯ ಸುಕ್ಕಿಗೆ, ಸ್ತನಕ್ಕೆ ಎಲ್ಲೆಡೆ ಹಬ್ಬಿತು. ಕೆಲಕಾಲ ಎಲ್ಲರೂ ಸಂತುಷ್ಟರು. ಬಳಿಕ ಮೇಣ ಇದ್ದಲ್ಲಿ ಇರದೆ ಸರಿಯತೊಡಗಿತು. ಮೈ ಅದರ ಸುತ್ತ ಗಟ್ಟಿ ಗಂಟುಗಳನ್ನು ಕಟ್ಟಿತು, ಗಂಟುಗಳು ಒಡೆದು ವ್ರಣವಾದವು; ಕೆಲವರಲ್ಲಿ ರಕ್ತನಾಳ ಹೊಕ್ಕು ಶ್ವಾಸಕೋಶಕ್ಕೂ ಕಣ್ಣಿಗೂ ಕುತ್ತು ತಂದಿತು. ಕಡೆಗೆ ಸ್ತನವನ್ನೇ ಕೊಯ್ದು ತೆಗೆಸಿಕೊಳ್ಳಬೇಕಾದ ಹೆಂಗಸರೂ ಇದ್ದರು.

ಆದರೂ ಹುಡುಕಾಟ ನಿಲ್ಲಲಿಲ್ಲ. 1950ರ ದಶಕದಲ್ಲಿ ಪ್ಲಾಸ್ಟಿಕ್ ಸ್ಪಂಜುಗಳು ಬಂದವು. ದೇಹದ ಅಂಗಾಂಶ ಅವುಗಳ ರಂಧ್ರ ಹೊಕ್ಕು ಗಟ್ಟಿಯಾಗಿ ಕಲ್ಲಿನಂತಾದವು. ಜಪಾನಿನಲ್ಲಿ ಯುದ್ಧಾನಂತರ ದ್ರವ ಸಿಲಿಕೋನನ್ನು ನೇರವಾಗಿ ಚುಚ್ಚುವ ಚಾಳಿ ಹುಟ್ಟಿತು; ಮೇಣದ ಕಥೆಯೇ ಮರುಕಳಿಸಿತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ರೋನಿನ್ ಮತ್ತು ಜೆರೋ ಎಂಬ ಇಬ್ಬರು ವೈದ್ಯರು ರಬ್ಬರಿನಂಥ ಸಿಲಿಕೋನ್ ಚೀಲದೊಳಗೆ ಸಿಲಿಕೋನಿನದೇ ಲೋಳೆ ತುಂಬಿ ಒಬ್ಬ ಹೆಂಗಸಿನ ಸ್ತನಗಳಲ್ಲಿ ಇಟ್ಟರು. ಇಂದು ಆಸ್ಪತ್ರೆಗಳಲ್ಲಿ ಇಂಪ್ಲಾಂಟ್ ಎಂದು ಹೇಳುವುದು ಅದರ ಸಂತಾನವನ್ನೇ. ಬಿಲ್‌ರೋಟ್ ಶಿಷ್ಯರು ಮೊದಲು ನಾಯಿಯ ಮೇಲೆ, ವರ್ಷಗಟ್ಟಲೆ, ಅನಂತರ ಮನುಷ್ಯನ ಮೇಲೆ ಎಂದು ಕಲಿತಿದ್ದರು. ಇಲ್ಲಿ ಸಾವಿರಾರು ಹೆಂಗಸರ ಮೈಗೆ ವಸ್ತು ಹೋದ ಮೇಲೆ ಪರೀಕ್ಷೆ ಬಂತು. ಅಮೆರಿಕದಲ್ಲಿ ಇಂಥ ಸಾಧನಗಳನ್ನು ಸರಕಾರ ಪರಿಶೀಲಿಸಬೇಕೆಂಬ ಕಾನೂನು ಆದದ್ದೇ 1976ರಲ್ಲಿ. 1992ರಲ್ಲಿ ಅಲ್ಲಿನ ಸರಕಾರ ಸಿಲಿಕೋನ್ ಲೋಳೆಯ ಚೀಲಗಳನ್ನು ಬಹುಮಟ್ಟಿಗೆ ತಡೆಹಿಡಿಯಿತು. 1995ರಲ್ಲಿ ಅವುಗಳ ಹೆಸರಾಂತ ತಯಾರಕ ಡೌ ಕಾರ್ನಿಂಗ್ ಕಂಪೆನಿ ಮೊಕದ್ದಮೆಗಳ ಹೊರೆಯಡಿ ದಿವಾಳಿ ಅರ್ಜಿ ಸಲ್ಲಿಸಿತು. ಸಂಧಿವಾತದಂಥ ರೋಗಗಳಿಗೆ ಸಿಲಿಕೋನ್ ಕಾರಣವೆಂಬ ಆರೋಪಕ್ಕೆ ಆಧಾರ ಕಾಣದೆಂದು 1999ರಲ್ಲಿ ಅಲ್ಲಿನ ವಿದ್ವಾಂಸರ ಮಂಡಳಿ ಹೇಳಿತು. ಚೀಲ ಒಡೆಯುವುದು, ಬಿಗಿಯುವುದು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಮಾತ್ರ ನಿಜವೆಂದಿತು. 2006ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಅಷ್ಟರಲ್ಲಿ ಫ್ರಾನ್ಸಿನ ಪಿಐಪಿ ಕಂಪೆನಿಯ ಹಗರಣ. ಅದು ವೈದ್ಯಕೀಯಕ್ಕೆ ಒಪ್ಪಿಗೆಯಿಲ್ಲದ ಅಗ್ಗದ ಕೈಗಾರಿಕಾ ಸಿಲಿಕೋನನ್ನು ತುಂಬುತ್ತಿದ್ದದ್ದು 2010ರಲ್ಲಿ ಬಯಲಾಯಿತು. 2013ರಲ್ಲಿ ಅದರ ಸ್ಥಾಪಕನಿಗೆ ಜೈಲು ಶಿಕ್ಷೆ ವಿಧಿಸಲಾಯಿತು. 2019ರ ಜುಲೈಯಲ್ಲಿ ಅಲರ್ಗನ್ ಕಂಪೆನಿ ತನ್ನ ಒರಟು ಮೈಯ ಬಯೋಸೆಲ್ ಚೀಲಗಳನ್ನು ಜಗತ್ತಿನ ಮಾರುಕಟ್ಟೆಯಿಂದಲೇ ಹಿಂದೆಗೆದುಕೊಂಡಿತು. ಅಂಥ ಚೀಲದ ಸುತ್ತ, ಅಪರೂಪಕ್ಕಾದರೂ, ಲಿಂಫೋಮ ಎಂಬ ಒಂದು ಬಗೆಯ ಕ್ಯಾನ್ಸರ್ ಹುಟ್ಟುತ್ತದೆಂದು ಗೊತ್ತಾಗಿತ್ತು.

ಇದನ್ನೆಲ್ಲ ಹೇಳುವುದು ಯಾರನ್ನೂ ಹೆದರಿಸಲಿಕ್ಕಲ್ಲ. ಇಂಪ್ಲಾಂಟಿನಿಂದ ನೆಮ್ಮದಿ ಕಂಡ ಹೆಂಗಸರು ಲಕ್ಷಗಟ್ಟಲೆ ಇದ್ದಾರೆ. ಕ್ಯಾನ್ಸರಿನಿಂದ ಪಾರಾದವರು ಅವರಲ್ಲಿ ಅನೇಕರು. ಆದರೆ ವೈದ್ಯರ ಎದುರು ಕೂತಾಗ ಕೇಳಿ ತಿಳಿಯಬೇಕಾದ ಸಂಗತಿಗಳಿವೆ. ನಮ್ಮ ಹೆಣ್ಣುಮಕ್ಕಳು ಅವನ್ನು ಕೇಳಲು ಸಂಕೋಚಪಡುತ್ತಾರೆ. ಚೀಲದ ಹೊರಮೈ ನುಣುಪೋ ಒರಟೋ ಎಂಬುದು ಬರಿಯ ಅಂದದ ಪ್ರಶ್ನೆಯಲ್ಲವೆಂದು 2019ರ ಪ್ರಕರಣದಿಂದ ತಿಳಿಯುತ್ತದೆ. ಒಳಗೆ ಉಪ್ಪುನೀರು ಇರುವ ಚೀಲ ಒಡೆದರೆ ಸ್ತನ ಕುಗ್ಗಿ ಆ ಕೂಡಲೆ ಗೊತ್ತಾಗುತ್ತದೆ, ನೀರನ್ನು ಮೈ ಹೀರಿಕೊಳ್ಳುತ್ತದೆ. ಸಿಲಿಕೋನ್ ಲೋಳೆಯದು ಮುಟ್ಟಲು ಹೆಚ್ಚು ಸಹಜ. ಆದರೆ ಒಡೆದದ್ದು ಎಷ್ಟೋ ಸಲ ಹೊರಗೆ ತಿಳಿಯುವುದೇ ಇಲ್ಲ. ಆದಕಾರಣ ಐದಾರು ವರ್ಷಕ್ಕೊಮ್ಮೆ ಮೊದಲ್ಗೊಂಡು, ಮುಂದೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಅಮೆರಿಕದ ಔಷಧಿ ಆಡಳಿತ ಹೇಳುತ್ತದೆ. ಒಮ್ಮೆ ಇಟ್ಟರೆ ಆಜೀವ ಎಂಬ ಭರವಸೆಯನ್ನು ಯಾರು ಕೊಟ್ಟರೂ ನಂಬಬಾರದು. ವರ್ಷ ಕಳೆದಂತೆ ತೆಗೆಯಬೇಕಾಗುವ ಬದಲಿಸಬೇಕಾಗುವ ಸಂಭವ ಹೆಚ್ಚು. ಮೊದಲ ಬಿಲ್ಲಿನಲ್ಲಿ ಈ ಖರ್ಚು ಕಾಣುವುದಿಲ್ಲ. ಯಾವುದೇ ಪರವಸ್ತುವಿನ ಸುತ್ತ ದೇಹ ಒಂದು ಗೋಡೆ ಕಟ್ಟುತ್ತದೆ. ಕೆಲವರಲ್ಲಿ ಆ ಗೋಡೆ ಬಿಗಿದು ಸ್ತನ ಗಟ್ಟಿಯಾಗಿ ನೋಯುತ್ತದೆ. ಮುಂದೆ ಮಗುವಿಗೆ ಹಾಲೂಡುವ ಆಸೆಯಿದ್ದವರು ಅದನ್ನು ಮೊದಲೇ ಹೇಳಬೇಕು. ಎದೆಯ ಎಕ್ಸ್‌ರೇ ತಪಾಸಣೆ ಮಾಡುವವರಿಗೆ ಒಳಗೆ ಚೀಲವಿದೆಯೆಂದು ತಿಳಿಸಲೇಬೇಕು. ಇಟ್ಟ ಚೀಲದ ಕಂಪೆನಿ, ಮಾದರಿ, ಸಂಖ್ಯೆ ಬರೆದ ಕಾರ್ಡನ್ನು ಜಾಗದ ದಸ್ತಾವೇಜಿನಂತೆ ಜೋಪಾನ ಮಾಡಬೇಕು. ಬಯೋಸೆಲ್ ಹಿಂದೆಗೆದಾಗ ತಮ್ಮೊಳಗಿರುವುದು ಯಾವುದೆಂದೇ ತಿಳಿಯದೆ ಕಂಗಾಲಾದವರು ಕಡಮೆಯಲ್ಲ.

ಪರವಸ್ತು ಬೇಡವೆನ್ನುವವರಿಗೆ ಚೆರ್ನಿಯ ದಾರಿ ಈಗ ಹಿಂದಿಗಿಂತ ಅಗಲವಾಗಿದೆ. 1906ರಲ್ಲಿ ಇಟಲಿಯ ಟಾನ್ಸಿನಿ ಬೆನ್ನಿನ ಸ್ನಾಯುವನ್ನು ಬುಡ ಕಡಿಯದೆ ಎದೆಗೆ ತಿರುಗಿಸಿದರು. ಹಾಲ್‌ಸ್ಟೆಡ್‌ರ ಪ್ರಭಾವದಲ್ಲಿ ಅದು ಮರೆತುಹೋಗಿ 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು. 1982ರಿಂದ ಹೊಟ್ಟೆಯ ಕೆಳಭಾಗದ ಚರ್ಮ ಕೊಬ್ಬುಗಳಿಂದ ಸ್ತನ ಕಟ್ಟುವ ಕ್ರಮ ಹಬ್ಬಿತು. ಇವು ದೊಡ್ಡ ಶಸ್ತ್ರಚಿಕಿತ್ಸೆಗಳು. ಗಾಯ ಎರಡು ಕಡೆ, ಚೇತರಿಕೆ ನಿಧಾನ. ಕೊಬ್ಬನ್ನು ಹೀರಿ ತೆಗೆದು ಹನಿಹನಿಯಾಗಿ ತುಂಬುವ ಕ್ರಮವನ್ನು ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘ 1987ರಲ್ಲಿ ಸ್ತನಕ್ಕೆ ಕೂಡದೆಂದು ಖಂಡಿಸಿತ್ತು. ಅದರಿಂದಾಗುವ ಗಂಟುಗಳು ಕ್ಯಾನ್ಸರನ್ನು ಮರೆಮಾಚಬಹುದೆಂಬುದು ಅದರ ಭಯವಾಗಿತ್ತು. 2009ರಲ್ಲಿ ಸಂಘ ತನ್ನ ನಿಲುವನ್ನು ಸಡಿಲಿಸಿತು. ಇನ್ನು ಏನೂ ಬೇಡ, ಸೆರಗಿನಡಿಯ ಉಂಡೆಯೇ ಸಾಕು ಎಂಬುದೂ ತೀರ್ಮಾನವೇ. ಈಗ ಅದಕ್ಕೆಂದೇ ಹೊರಗಿನಿಂದ ಧರಿಸುವ ಸಿಲಿಕೋನ್ ಅಚ್ಚುಗಳೂ ಸಿಗುತ್ತವೆ. ತೀರ್ಮಾನ ಆಕೆಯದಾಗಿರಬೇಕು, ಅತ್ತೆಯದೋ ಗಂಡನದೋ ಅಲ್ಲ ಎಂದಷ್ಟೇ ನಾವು ಹೇಳುವೆವು.

ಮರಳಿ ಹೈಡೆಲ್‌ಬರ್ಗಿಗೆ ಹೋಗೋಣ. ಗಾಯಕಿಯ ಶಸ್ತ್ರಚಿಕಿತ್ಸೆ ನಡೆದ 1895ರ ನವೆಂಬರಿನಲ್ಲೇ ಜರ್ಮನಿಯ ವ್ಯುರ್ಟ್ಸ್‌ಬುರ್ಗಿನಲ್ಲಿ ರೋಂಟ್‌ಗನ್ ಕ್ಷಕಿರಣಗಳನ್ನು ಕಂಡುಹಿಡಿದರು. ಮೂರು ವರ್ಷಕ್ಕೆ ಪ್ಯಾರಿಸ್ಸಿನಲ್ಲಿ ಕ್ಯೂರಿ ದಂಪತಿ ರೇಡಿಯಂ ಗುರುತಿಸಿದರು. ಸ್ತನವನ್ನು ತುಂಬಿದ ಆ ಒಂದು ಕೆಲಸವನ್ನು ಚೆರ್ನಿ ಬೆಳೆಸಲಿಲ್ಲ. ಅವರ ಮನಸ್ಸೆಲ್ಲ ಕ್ಯಾನ್ಸರಿನ ಕಡೆಗಿತ್ತು. ಎಷ್ಟು ಅಚ್ಚುಕಟ್ಟಾಗಿ ಕತ್ತರಿಸಿದರೂ ರೋಗ ಮರಳಿ ಬರುತ್ತಿತ್ತು. ಮರಳಿ ಬಂದವರನ್ನು, ಶಸ್ತ್ರಕ್ಕೆ ಎಟುಕದವರನ್ನು ದೊಡ್ಡ ಆಸ್ಪತ್ರೆಗಳು ಮನೆಗೆ ಕಳುಹಿಸುತ್ತಿದ್ದವು. ಸಾಯಲಿರುವವರಿಗೆ ಹಾಸಿಗೆ ಎಲ್ಲಿಯದು? ಅಂಥವರಿಗೆಂದೇ ಒಂದು ಮನೆ, ಅದಕ್ಕೆ ಅಂಟಿಕೊಂಡಂತೆ ಸಂಶೋಧನೆಗೊಂದು ಪ್ರಯೋಗಾಲಯ, ಇದು ಚೆರ್ನಿಯ ಕನಸು. ದಾನಿಗಳಿಂದ ಹಣ ಕೂಡಿಸಿದರು, ತಮ್ಮ ಕೈಯಿಂದಲೂ ಹಾಕಿದರು. 1906ರ ಸೆಪ್ಟೆಂಬರಿನಲ್ಲಿ ಪ್ರಾಯೋಗಿಕ ಕ್ಯಾನ್ಸರ್ ಸಂಶೋಧನ ಸಂಸ್ಥೆ ಬಾಗಿಲು ತೆರೆಯಿತು. ರೋಗಿಗಳ ಭಾಗಕ್ಕೆ ಬೈಬಲ್ಲಿನ ದಯಾಳು ಸಮಾರ್ಯನ ಹೆಸರಿನಿಂದ ಸಮಾರಿಟರ್ ಹೌಸ್ ಎಂದು ಕರೆದರು. ಇದಕ್ಕಾಗಿ ಸುಮಾರು ಮೂವತ್ತು ವರ್ಷ ಕೂತಿದ್ದ ಶಸ್ತ್ರಚಿಕಿತ್ಸಾ ಪೀಠವನ್ನು ಅವರು ಬಿಟ್ಟುಕೊಟ್ಟರು. ಆಗ ಅವರ ವಯಸ್ಸು 63.

ಅಲ್ಲಿ ಅವರು ಕತ್ತಿಯನ್ನು ಕೆಳಗಿಟ್ಟು ಕಿರಣಗಳನ್ನು ಕೈಗೆತ್ತಿಕೊಂಡರು ಎನ್ನಬಹುದು. ಕ್ಷಕಿರಣ, ರೇಡಿಯಂ, ವಿದ್ಯುತ್ ಕಿಡಿ ಎಲ್ಲವನ್ನೂ ಗಡ್ಡೆಗಳ ಮೇಲೆ ಪ್ರಯೋಗಿಸಿದರು. ಹೊಸ ವಿದ್ಯೆಯದು ಎರಡಲಗಿನ ಕತ್ತಿ. ಕಿರಣಗಳು ಚರ್ಮವನ್ನು ಸುಡುತ್ತವೆಂದು ಆಗಲೇ ಗೊತ್ತಾಗಿತ್ತು. ಎಲುಬಿನ ಮಜ್ಜೆಯನ್ನು ಮೆಲ್ಲನೆ ಕೆಡಿಸಿ ರಕ್ತವನ್ನೇ ರೋಗಗೊಳಿಸುತ್ತವೆಂಬುದು ಗಟ್ಟಿಯಾಗಿ ತಿಳಿಯಲು ವರ್ಷಗಳೇ ಬೇಕಾದವು. ಸೀಸದ ಗೋಡೆ, ಸೀಸದ ಮೇಲಂಗಿ, ಮಿತಿಯ ಲೆಕ್ಕ ಇವೆಲ್ಲ ಸರಿಯಾಗಿ ಬಂದದ್ದು ಬಹಳ ಜನ ವೈದ್ಯರು ಬೆರಳು ಕಳೆದುಕೊಂಡು, ಪ್ರಾಣ ಕಳೆದುಕೊಂಡ ಮೇಲೆ. ಪರವಸ್ತುವನ್ನು ಗಾಯಕಿಯ ಮೈಗೆ ಸೋಕಿಸದ ಈ ಎಚ್ಚರದ ಮನುಷ್ಯ ಕಿರಣಗಳ ನಡುವೆ ಹತ್ತು ವರ್ಷ ಓಡಾಡಿದರು.

ಮಹಾಯುದ್ಧದ ನಡುವೆ ಅವರ ರಕ್ತ ಕೆಟ್ಟಿತು. ಲ್ಯೂಕೀಮಿಯ ಎಂದು ನಿರ್ಣಯವಾಯಿತು. ಕಿರಣಗಳೇ ಅದಕ್ಕೆ ಕಾರಣವಿರಬೇಕೆಂಬುದು ಚರಿತ್ರಕಾರರ ಅಭಿಪ್ರಾಯ. 1916ರ ಅಕ್ಟೋಬರ್ 3ರಂದು, 74ನೆಯ ಹುಟ್ಟುಹಬ್ಬಕ್ಕೆ ಆರೇಳು ವಾರಗಳಿರುವಾಗ, ವಿನ್ಸೆಂಟ್ಸ್ ಚೆರ್ನಿ ಹೈಡೆಲ್‌ಬರ್ಗಿನಲ್ಲಿ ತೀರಿಕೊಂಡರು. ಅವರ ಕೈಕೆಳಗೆ ಪಳಗಿದ ರಿಚರ್ಡ್ ವೆರ್ನರ್ ಸಮಾರಿಟರ್ ಹೌಸನ್ನು ನಡೆಸಿಕೊಂಡು ಹೋದರು. ಯೆಹೂದಿ ಮೂಲದವರೆಂಬ ಕಾರಣಕ್ಕೆ ನಾಜಿಗಳ ಕಾಲದಲ್ಲಿ ಅವರು ಆ ಮನೆಯನ್ನು ಬಿಡಬೇಕಾಯಿತು. 1945ರಲ್ಲಿ ಟೆರೆಜಿನ್ ಬಂದಿವಾಸದಲ್ಲಿ ಸತ್ತರು. ಹೈಡೆಲ್‌ಬರ್ಗಿನಲ್ಲಿ 1964ರಲ್ಲಿ ಜರ್ಮನ್ ಕ್ಯಾನ್ಸರ್ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. ಚೆರ್ನಿ ಕಟ್ಟಿದ ಸಂಸ್ಥೆಯನ್ನೇ ಅದು ತನ್ನ ಪೂರ್ವಜನೆಂದು ಹೇಳಿಕೊಳ್ಳುತ್ತದೆ.